ಗೌಟ್: ನೋವು ಇಲ್ಲದ ದಿನದ ಮಾತ್ರೆ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ತೋಟದ ಕೆಲಸ ಬಿಟ್ಟು ಬಂದಿದ್ದೀರಿ, ಹಾಗಾಗಿ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗೌಟ್ ಅಂದರೆ ಯೂರಿಕ್ ಆಸಿಡ್ ಹರಳು ಕೂತು ಕೀಲು ಊದುವ ಕಾಯಿಲೆ. ಅದಕ್ಕೆ ನಿಜವಾದ ಚಿಕಿತ್ಸೆ ನಡೆಯಬೇಕಾದದ್ದು ನೋವು ಇಲ್ಲದ ದಿನಗಳಲ್ಲಿ. ನಮ್ಮಲ್ಲಿ ಆಗುತ್ತಿರುವುದು ಇದರ ಉಲ್ಟಾ. ಕಾಲು ಊದಿದಾಗ ಮಾತ್ರೆ, ಊತ ಇಳಿದರೆ ಮರೆವು.

ಈ ನೋವು ಹೆಚ್ಚಾಗಿ ರಾತ್ರಿ ಶುರುವಾಗುತ್ತದೆ. ಮಲಗುವಾಗ ಏನೂ ಇರುವುದಿಲ್ಲ. ನಡುರಾತ್ರಿ ಹೊತ್ತಿಗೆ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಊದಿಕೊಂಡಿರುತ್ತದೆ. ಚರ್ಮ ಬಿಗಿದು ಹೊಳೆಯುತ್ತದೆ, ಮುಟ್ಟಿದರೆ ಬಿಸಿ. ಹೊದ್ದ ಬೆಡ್‌ಶೀಟ್ ತಾಗಿದರೂ ಜೀವ ಹೋದ ಹಾಗಾಗುತ್ತದೆ. ಆಮೇಲೆ ಒಂದೆರಡು ವಾರದಲ್ಲಿ, ಏನೂ ಮಾಡದಿದ್ದರೂ, ತಾನಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾವ ಎಣ್ಣೆ ಹಚ್ಚಿದ್ದರೋ ಅದಕ್ಕೆ ಹೆಸರು ಬಂದುಬಿಡುತ್ತದೆ. ಕಾಯಿಲೆ ಮಾತ್ರ ಒಳಗೇ ಇರುತ್ತದೆ.

ಒಳಗೆ ಇರುವುದು ಯೂರಿಕ್ ಆಸಿಡ್. ನಮ್ಮ ಜೀವಕೋಶಗಳಲ್ಲೂ ತಿನ್ನುವ ಆಹಾರದಲ್ಲೂ ಇರುವ ಪ್ಯೂರಿನ್ ಅನ್ನುವ ವಸ್ತು ಒಡೆದಾಗ ಅದು ಹುಟ್ಟುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲನ್ನು ಕಿಡ್ನಿ ಹೊರಗೆ ಹಾಕಬೇಕು. ಗೌಟ್ ಇರುವ ಹೆಚ್ಚಿನವರಲ್ಲಿ ಕಿಡ್ನಿ ಈ ಕೆಲಸವನ್ನು ನಿಧಾನವಾಗಿ ಮಾಡುತ್ತದೆ, ಅದು ಬಹುಮಟ್ಟಿಗೆ ವಂಶದಿಂದ ಬರುವ ಗುಣ. ರಕ್ತದಲ್ಲಿ ಪ್ರಮಾಣ 6.8 (ರಿಪೋರ್ಟಿನಲ್ಲಿ mg/dL ಅಂತ ಇರುತ್ತದೆ) ದಾಟಿದರೆ ಅದು ಕರಗಿ ಉಳಿಯುವುದು ಕಷ್ಟ. ಸೂಜಿಯಂಥ ಹರಳಾಗಿ ಕೀಲುಗಳಲ್ಲಿ ಕೂರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬೆರಳ ಗಂಟಿನ ಮೇಲೆ, ಕಿವಿಯ ಅಂಚಿನಲ್ಲಿ ಸುಣ್ಣದಂಥ ಬಿಳಿ ಗಡ್ಡೆಗಳು ಏಳುತ್ತವೆ.

ಹಾಗಾಗಿ ದಯವಿಟ್ಟು ಯಾರನ್ನೂ "ಕುಡಿದದ್ದಕ್ಕೆ ಬಂತು" ಅಂತ ಹಂಗಿಸಬೇಡಿ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಇದು ಬರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟು, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಕಿಡ್ನಿ ಕೆಡಿಸಿಕೊಳ್ಳುವುದು ನನಗೆ ತುಂಬಾ ಸಂಕಟ ತರುವ ವಿಷಯ.

ಊಟದ ಮಾತು ಬಂದೇ ಬರುತ್ತದೆ, ಅಲ್ವಾ? ಮದುವೆ, ಪುತ್ತರಿ ಹಬ್ಬ ಅಂದರೆ ನಮ್ಮ ಕೊಡಗಿನಲ್ಲಿ ಪಂದಿ ಕರಿ, ಅಂದರೆ ಹಂದಿ ಮಾಂಸದ ಅಡುಗೆ, ಇರಲೇಬೇಕು. ಗೌಟ್ ಇದ್ದವರು ಸ್ವಲ್ಪ ಬಡಿಸಿಕೊಳ್ಳಿ, ಲಿವರ್ ಚೂರುಗಳನ್ನು ಬಿಡಿ. ಏಡಿ, ಒಣಮೀನು ಕೂಡ ಅಪರೂಪಕ್ಕೆ ಸಾಕು. ಬಿಯರ್ ಬೇಡ, ಉಳಿದ ಮದ್ಯವೂ ಜಾಸ್ತಿಯಾದರೆ ನೋವು ಕೆರಳಿಸುತ್ತದೆ. ಆ ಕರಿಗೆ ಹಾಕುವ ಕಾಚಂಪುಳಿ ಹುಳಿ ಅನ್ನುವ ಕಾರಣಕ್ಕೆ ಹೆದರಬೇಕಿಲ್ಲ. ಕಾಫಿಯನ್ನೂ ಬಿಡಬೇಡಿ, ಸಕ್ಕರೆ ಮಾತ್ರ ಕಡಿಮೆ ಇರಲಿ. ಬೇಳೆ, ಸೊಪ್ಪು ಬಿಟ್ಟು ಸೊರಗುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ತರಕಾರಿ, ಬೇಳೆಗಳ ಪ್ಯೂರಿನ್ ಗೌಟ್ ಹೆಚ್ಚಿಸುವುದು ಕಂಡುಬಂದಿಲ್ಲ. ಆದರೂ ಎಷ್ಟೇ ಪಥ್ಯ ಮಾಡಿದರೂ ಯೂರಿಕ್ ಆಸಿಡ್ ಇಳಿಯುವುದು ಸಾಮಾನ್ಯವಾಗಿ ಒಂದು ಅಂಕದಷ್ಟು. 9 ಇದ್ದವರಿಗೆ ಅದು ಸಾಲದು.

ಅಂಥವರಿಗೆ ಯೂರಿಕ್ ಆಸಿಡ್ ಇಳಿಸುವ ಅಲೊಪ್ಯುರಿನಾಲ್ ಮಾತ್ರೆ ಬೇಕಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂನಿಂದ, ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಕಡಿಮೆಯಿಂದ ಶುರು ಮಾಡಿ, ರಕ್ತ ಪರೀಕ್ಷೆ ನೋಡುತ್ತಾ ಡಾಕ್ಟರು ಏರಿಸುತ್ತಾರೆ. ಗುರಿ 6ಕ್ಕಿಂತ ಕೆಳಗೆ. ಮೊದಲ ತಿಂಗಳುಗಳಲ್ಲಿ ಹಳೆಯ ಹರಳು ಕರಗುವಾಗ ನೋವು ಮತ್ತೆ ಬರಬಹುದು. ಮಾತ್ರೆಯಿಂದಲೇ ನೋವು ಬಂತು ಅಂತ ಹೆಚ್ಚಿನವರು ಅಲ್ಲೇ ಬಿಡುತ್ತಾರೆ. ಬಿಡಬೇಡಿ. ಆ ಸಮಯಕ್ಕೆ ಬೇರೆ ಮಾತ್ರೆ ಜೊತೆಗೆ ಕೊಡುತ್ತಾರೆ. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ, ಅದೇ ದಿನ ಡಾಕ್ಟರನ್ನು ಕಾಣಿ.

ಜೊತೆಗೆ ಕೊಡುವ ಮಾತ್ರೆಗಳಲ್ಲಿ ಕೊಲ್ಚಿಸಿನ್ ಒಂದು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಕೋವಿಗೆ ಸಿಕ್ಕಿಸುವ ತೋಕ್ ಪೂ ಹೂವು ಎಲ್ಲರಿಗೂ ಗೊತ್ತು. ಆ ಗಿಡದ ಗೆಡ್ಡೆಯಲ್ಲೂ ಬೀಜದಲ್ಲೂ ಇದೇ ಕೊಲ್ಚಿಸಿನ್ ಇದೆ. ಹಾಗಂತ ಯಾರೂ ಗೆಡ್ಡೆ ಕಿತ್ತು ಅರೆದು ಕುಡಿಯಬೇಡಿ. ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂನಷ್ಟು ಅಳತೆ. ಗೆಡ್ಡೆಗೆ ಅಳತೆಯಿಲ್ಲ, ತಿಂದು ಸತ್ತವರಿದ್ದಾರೆ.

ಡಾಕ್ಟರ ಹತ್ತಿರ ಹೋಗುವಾಗ ಬಿಪಿ ಮಾತ್ರೆಯ ಚೀಟಿ ಒಯ್ಯಿರಿ. ಮೂತ್ರ ಹೆಚ್ಚಿಸುವ ಕೆಲವು ಬಿಪಿ ಮಾತ್ರೆಗಳು ಯೂರಿಕ್ ಆಸಿಡ್ ಏರಿಸುತ್ತವೆ, ಬದಲಿಸಬಹುದೇ ಅಂತ ಕೇಳಿ. ನೋವಿನ ದಿನ ಮಾಡಿದ ಪರೀಕ್ಷೆ ನಾರ್ಮಲ್ ಬಂದರೆ ಅದನ್ನು ಪೂರ್ತಿ ನಂಬಬೇಡಿ, ಊತ ಇಳಿದು ಎರಡು ವಾರವಾದ ಮೇಲೆ ಇನ್ನೊಮ್ಮೆ ಮಾಡಿಸಿ. ಕೀಲು ಊದಿ ಜೊತೆಗೆ ಚಳಿ ಜ್ವರ ಬಂದರೆ ಮಾತ್ರ ಮನೆಯಲ್ಲಿ ಕಾಯಬೇಡಿ. ಕೀಲಿನೊಳಗೆ ಕೀವಾದರೂ ಹೀಗೇ ಕಾಣುತ್ತದೆ, ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು.

ಇನ್ನು ನಿಮ್ಮ ಪ್ರಶ್ನೆಗಳು. ರಿಪೋರ್ಟ್ ತಂದವರು ಮುಂದೆ ಬನ್ನಿ.