ಬರ್ತೀನಿ ಅಂದಮೇಲೆ

ಕೇಳುಗರಿಗೆ ನಮಸ್ಕಾರ.

ಗೆಳೆಯರ ಮನೆ ಗೃಹಪ್ರವೇಶ. ಫೋನಿನಲ್ಲಿ 'ಖಂಡಿತ ಬರ್ತೀನಿ' ಎಂದು ಖುಷಿಯಿಂದಲೇ ಹೇಳಿರುತ್ತೇವೆ. ದಿನ ಹತ್ತಿರ ಬಂದಂತೆ ಎದೆ ಡವಡವ ಎನ್ನುತ್ತದೆ. ಯಾರ ಪಕ್ಕ ಕೂರೋದು? ಏನು ಮಾತಾಡೋದು? ಪಂಕ್ತಿಯಲ್ಲಿ ಕೂತಾಗ ಕೈ ನಡುಗಿ, ಎದುರು ಸಾಲಿನವರು ನೋಡಿಬಿಟ್ಟರೆ? ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಎದ್ದು 'ಯಾಕೋ ಹುಷಾರಿಲ್ಲ' ಎಂದು ಮೆಸೇಜ್ ಕಳಿಸಿದ ಕೂಡಲೇ ಉಸ್ಸಪ್ಪಾ ಅನಿಸುತ್ತದೆ.

ಜನರ ನಡುವೆ ಹೋಗುವ ಈ ಭಯವನ್ನು ಸಾಕುವುದು ಆ ನೆಮ್ಮದಿಯೇ. ಹೋಗದೆ ಇದ್ದದ್ದಕ್ಕೇ ಬಚಾವಾದೆ ಎಂದು ಮನಸ್ಸು ನಂಬಿಬಿಡುತ್ತದೆ. ಹೋಗಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಅದಕ್ಕೆ ತಿಳಿಯುವುದೇ ಇಲ್ಲ. ಮುಂದಿನ ಸಲ ಭಯ ಇನ್ನೂ ಜಾಸ್ತಿ.

ಹಾಗಂತ ಹಲ್ಲು ಕಚ್ಚಿಕೊಂಡು ಬೆಳಗಿನಿಂದ ಸಂಜೆವರೆಗೂ ಇರಬೇಕಿಲ್ಲ. ಹೋಗೋದನ್ನು ಬಿಡಬೇಡಿ, ಇರುವ ಹೊತ್ತನ್ನು ಕಡಿಮೆ ಮಾಡಿಕೊಳ್ಳಿ. 'ಊಟ ಮಾಡಿ ಬೇಗ ಹೊರಡ್ತೀನಿ' ಎಂದು ಮೊದಲೇ ತಿಳಿಸಿ. ಜನ ಸೇರುವ ಮುಂಚೆಯೇ ಹೋದರೆ ಇನ್ನೂ ಒಳ್ಳೆಯದು. ತುಂಬಿದ ಮನೆಗೆ ಒಬ್ಬರೇ ಕಾಲಿಡುವ ಕಷ್ಟ ತಪ್ಪುತ್ತದೆ. ಎಲೆ ಹಾಕುವುದೋ, ನೀರು ಬಡಿಸುವುದೋ, ಕೆಲಸ ಕೇಳಿ ತಗೊಳ್ಳಿ.

ಕೆಲಸ ಕೇಳಿ ತಗೊಳ್ಳಿ ಎನ್ನುವುದಕ್ಕೆ ಕಾರಣ ಇದೆ. ಈ ಭಯ ಹೇಗೆ ಉಳಿದುಕೊಳ್ಳುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದರು. ಜನರ ನಡುವೆ ಇದ್ದಾಗ ನಮ್ಮ ಗಮನವೆಲ್ಲ ಒಳಕ್ಕೆ ತಿರುಗುತ್ತದೆ. ನನ್ನ ದನಿ, ನನ್ನ ಬೆವರು, ನನ್ನ ಕೈ. ಒಳಗಿನ ತಳಮಳ ಎಲ್ಲರಿಗೂ ಕಾಣುತ್ತಿದೆ ಅನಿಸುತ್ತದೆ. ನಾವು ಅಂದುಕೊಂಡಷ್ಟು ಕಾಣುವುದಿಲ್ಲ, ನಂಬಿ. ಆಗ ಗಮನವನ್ನು ಹೊರಗೆ ತನ್ನಿ. ಬಾಗಿಲಿನ ತೋರಣ ನೋಡಿ. ಪಕ್ಕದ ಅಜ್ಜಿ ಹೇಳುತ್ತಿರುವುದನ್ನು ಕಿವಿಗೊಟ್ಟು ಕೇಳಿ. ಫೋನ್ ಮಾತ್ರ ಜೇಬಿನಲ್ಲೇ ಇರಲಿ. ಮೂಲೆಯಲ್ಲಿ ಅದನ್ನೇ ನೋಡುತ್ತಾ ಕೂತರೆ ಹೋಗಿಯೂ ಹೋಗದಂತೆ.

ಇಂಥ ಭಯ ಇರುವವರ ಮನೆಯವರಿಗೂ ಒಂದು ಮಾತು. 'ಇದೇನು ಮಹಾ, ಸುಮ್ನೆ ಬಾ' ಎಂದು ದಬಾಯಿಸಬೇಡಿ. ಅವರ ಪರವಾಗಿ ನೀವೇ ಸುಳ್ಳು ನೆಪವನ್ನೂ ಹೇಳಬೇಡಿ. ಜೊತೆಗೆ ಹೋಗಿ, ಹೇಳಿದ ಹೊತ್ತಿಗೆ ಜೊತೆಗೇ ಹೊರಡಿ.

ಕಾಲೇಜು, ಕೆಲಸಕ್ಕೂ ಈ ಭಯ ಅಡ್ಡ ಬರುತ್ತಿದೆಯಾ? ಹಾಗಿದ್ದರೆ ನಾಚಿಕೆ ಸ್ವಭಾವ ಎಂದು ಸುಮ್ಮನಿರಬೇಡಿ. ಇದಕ್ಕೆ ಚಿಕಿತ್ಸೆ ಇದೆ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಾಲನೆ ಪಡೆದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ನಂಬರ್ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡೋದೇ ಭಯ ಎನ್ನುವವರು ಮೊದಲ ಎರಡು ಸಾಲನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿಬಿಡಿ. ಉಳಿದದ್ದನ್ನು ಆ ಕಡೆಯವರೇ ಕೇಳುತ್ತಾರೆ.