ಜಾಮೀನಿಗೆ ಸಹಿ ಹಾಕಿದ ಪೋರ್ಟರ್

ಬಣ್ಣ ನೋಡಿ ಸೀಟು ಕೊಡೋದರ ವಿರುದ್ಧ ಕಪ್ಪು ಜನ ಬಸ್ ಹತ್ತೋದನ್ನೇ ಬಿಟ್ಟ, ಅಮೆರಿಕದ ಮಾಂಟ್ಗೊಮರಿ ಬಸ್ ಬಹಿಷ್ಕಾರ ಅಂದ ತಕ್ಷಣ ನಮ್ಮ ಬಾಯಿಗೆ ಬರೋದು ಎರಡೇ ಹೆಸರು. ರೋಸಾ ಪಾರ್ಕ್ಸ್, ಮಾರ್ಟಿನ್ ಲೂಥರ್ ಕಿಂಗ್. ಸರಿ, ಒಪ್ಪೋಣ. ಆದ್ರೆ ಬಸ್ಸಲ್ಲಿ ಬಿಳಿಯನಿಗೆ ಸೀಟು ಬಿಡಲ್ಲ ಅಂದು ಬಂಧನವಾದ ರೋಸಾ ಅವರನ್ನ 1955ರ ಡಿಸೆಂಬರ್ 1ರ ರಾತ್ರಿ ಜೈಲಿಂದ ಬಿಡಿಸಿಕೊಂಡು ಬಂದಿದ್ದು ಯಾರು? ಇ. ಡಿ. ನಿಕ್ಸನ್. ಫೋನ್ ಮಾಡಿ ಏನು ಕೇಸು ಅಂತ ಕೇಳಿದ್ರೆ ಪೊಲೀಸರು ಬಾಯೇ ಬಿಡಲಿಲ್ಲ. ಬಿಳಿಯ ವಕೀಲ ಕ್ಲಿಫರ್ಡ್ ಡರ್, ಅವರ ಹೆಂಡತಿ ವರ್ಜೀನಿಯಾ ಇಬ್ಬರನ್ನೂ ಕರ್ಕೊಂಡು ಹೋಗಿ, ಜಾಮೀನಿಗೆ ನಿಕ್ಸನ್ ತಾವೇ ಸಹಿ ಹಾಕಿದ್ರು.

ಈ ಮನುಷ್ಯ ಲಾಯರೂ ಅಲ್ಲ, ಪಾದ್ರಿಯೂ ಅಲ್ಲ. ರೈಲಿನ ಸ್ಲೀಪರ್ ಬೋಗಿಯಲ್ಲಿ ಹಾಸಿಗೆ ಹಾಸೋ, ಪೆಟ್ಟಿಗೆ ಎತ್ತೋ ಕಪ್ಪು ಜನಾಂಗದ ಪೋರ್ಟರ್. ಆ ಕಾಲದ ಎಷ್ಟೋ ಪ್ರಯಾಣಿಕರು ಪೋರ್ಟರ್‌ಗಳ ಹೆಸರು ಕೇಳೋ ಗೋಜಿಗೇ ಹೋಗ್ತಿರಲಿಲ್ಲ, ಎಲ್ಲರನ್ನೂ 'ಜಾರ್ಜ್' ಅಂತಲೇ ಕೂಗೋದು. ಯಾಕೆ ಗೊತ್ತಾ? ಆ ಸ್ಲೀಪರ್ ಬೋಗಿಗಳ ಕಂಪನಿ ಕಟ್ಟಿದ ಜಾರ್ಜ್ ಪುಲ್ಮನ್‌ನ ಹೆಸರು ಅದು. ಧಣಿಯ ಹೆಸರೇ ಆಳಿಗೂ!

ನಿಕ್ಸನ್‌ಗೆ ಗುಂಡಿಗೆ ಇತ್ತು ನಿಜ. ಆದ್ರೆ ಬರೀ ಗುಂಡಿಗೆಯಿಂದ ಊರು ಎದುರು ಹಾಕ್ಕೊಳಕ್ಕಾಗಲ್ಲ, ಬೆನ್ನ ಹಿಂದೆ ಸಂಘ ಬೇಕು. ಎ. ಫಿಲಿಪ್ ರಾಂಡಾಲ್ಫ್ ಕಟ್ಟಿದ ಪೋರ್ಟರ್‌ಗಳ ಯೂನಿಯನ್ 1937ರಲ್ಲೇ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡಿತ್ತು. ಮಾಂಟ್ಗೊಮರಿಯ ಯಾವ ಬಿಳಿ ಸಾಹುಕಾರ ಹಲ್ಲು ಕಡಿದ್ರೂ ಇವರ ಸಂಬಳಕ್ಕೆ ಕೈ ಹಾಕೋದು ಸುಲಭ ಇರಲಿಲ್ಲ. ರೋಸಾ ಅವರಿಗೆ ಆ ರಕ್ಷಣೆ ಎಲ್ಲಿತ್ತು? ಬಹಿಷ್ಕಾರ ಶುರುವಾಗಿ ಸುಮಾರು ಒಂದು ತಿಂಗಳಿಗೆ ಹೊಲಿಗೆ ಕೆಲಸ ಹೋಯ್ತು.

ಜಾಮೀನಿನ ಮರುದಿನ ಬೆಳಗ್ಗೆ ನಿಕ್ಸನ್ ಬಹಿಷ್ಕಾರಕ್ಕೆ ಬೆಂಬಲ ಕೇಳಿ ಪಾದ್ರಿಗಳಿಗೆ ಫೋನ್ ಹಚ್ಚಿದ್ರು. ಊರಿಗೆ ಹೊಸಬರಾಗಿದ್ದ ಕಿಂಗ್, ಯೋಚನೆ ಮಾಡಿ ಹೇಳ್ತೀನಿ ಅಂದ್ರು. ಮತ್ತೆ ಫೋನ್ ಮಾಡಿದಾಗ ಒಪ್ಪಿದ್ರು. ಒಳ್ಳೇದಾಯ್ತು, ಸಭೆ ನಿಮ್ಮ ಚರ್ಚಲ್ಲೇ ಅಂತ ಆಗ್ಲೇ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ ಅಂದ್ರಂತೆ ನಿಕ್ಸನ್! ಆದ್ರೆ ಆ ಸಭೆಗೆ ಅವರೇ ಇಲ್ಲ, ರೈಲು ಡ್ಯೂಟಿ.

ಹಾಗಂತ ದೇವರು ಮಾಡಿ ಕೂರಿಸಬೇಡಿ. ಹೆಂಗಸರ ಜಾಗ ಅಡುಗೆಮನೆ ಅಂತ ರೋಸಾ ಎದುರೇ ಅಂದಿದ್ದ ಆಸಾಮಿ. ಅದೇ ಬಹಿಷ್ಕಾರಕ್ಕೆ ರಾತ್ರೋರಾತ್ರಿ ಸಾವಿರಾರು ಕರಪತ್ರ ತೆಗೆದಿದ್ದು ಜೋ ಆನ್ ರಾಬಿನ್ಸನ್, ಒಬ್ಬ ಹೆಂಗಸು.

1956ರ ಫೆಬ್ರವರಿಯಲ್ಲಿ ನಿಕ್ಸನ್ ಮನೆ ಮೇಲೂ ಬಾಂಬ್ ಬಿತ್ತು. ಹಿಂದೆ ಸರಿಯಲಿಲ್ಲ. ಮುಂದಿನ ವರ್ಷ, ಬಹಿಷ್ಕಾರ ನಡೆಸಿದ್ದ ಸಂಘದ ಖಜಾಂಚಿ ಹುದ್ದೆ ಬಿಟ್ರು, ನನ್ನನ್ನ ಮಗು ಥರ ನಡೆಸಿಕೊಳ್ತಿದ್ದಾರೆ ಅನ್ನೋ ಸಿಟ್ಟಿಗೆ. ಓದಿದ ಪಾದ್ರಿಗಳ ನಡುವೆ ಶಾಲೆ ಮೆಟ್ಟಿಲು ಸರಿಯಾಗಿ ಹತ್ತದ ಪೋರ್ಟರ್ ಹೊರಗಿನವನಾಗಿಬಿಟ್ಟ. ಇದು ಬಣ್ಣದ ಜಗಳ ಅಲ್ಲ ಸ್ವಾಮಿ, ಒಂದೇ ಬಣ್ಣದೊಳಗಿನ ಮೇಲು ಕೀಳು. ಹೋರಾಟದ ಕಥೆ ಹೇಳೋರು ಈ ಭಾಗ ಬಂದಾಗ ಪುಟ ಹಾರಿಸ್ತಾರೆ, ನನಗೆ ಅದೇ ತಕರಾರು.