ಆಟದಿಂದ ಹೊರಬಂದ ಅಂಕ

ಕೇಳುಗರೆಲ್ಲರಿಗೂ ನಮಸ್ಕಾರ.

1978ರಲ್ಲಿ ಜಪಾನಿನ ಟೈಟೊ ಕಂಪನಿ ಸ್ಪೇಸ್ ಇನ್ವೇಡರ್ಸ್ ಎಂಬ ವಿಡಿಯೊ ಗೇಮ್ ಹೊರತಂದಿತು. ಅದನ್ನು ಕಟ್ಟಿದವರು ತೊಮೊಹಿರೊ ನಿಶಿಕಾಡೊ. ಪರದೆಯ ಮೇಲೆ ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು 55 ಅನ್ಯಗ್ರಹ ಜೀವಿಗಳು ಅತ್ತಿತ್ತ ಸರಿಯುತ್ತಾ ಕೆಳಕ್ಕೆ ಇಳಿದು ಬರುತ್ತವೆ. ಆಡುವವರು ಕೆಳಗಿನಿಂದ ಗುಂಡು ಹಾರಿಸಿ ಅವನ್ನು ಉರುಳಿಸಬೇಕು. ಆ ಯಂತ್ರದ ಪ್ರೊಸೆಸರಿಗೆ ಇಷ್ಟು ಚಿತ್ರಗಳನ್ನು ಒಂದೇ ಏಟಿಗೆ ಸರಿಸುವ ತ್ರಾಣ ಇರಲಿಲ್ಲ. ಹಾಗಾಗಿ ಜೀವಿಗಳು ಕಡಿಮೆಯಾದ ಹಾಗೆಲ್ಲ ಅದರ ಕೆಲಸ ಹಗುರವಾಗಿ, ಉಳಿದವು ತಾವಾಗಿಯೇ ಬಿರುಸಾಗಿ ಓಡತೊಡಗಿದವು. ನಿಶಿಕಾಡೊ ಅದನ್ನು ತಿದ್ದಲು ಹೋಗದೆ ಹಾಗೇ ಉಳಿಸಿಕೊಂಡರು. ಕೈ ಪಳಗಿದಷ್ಟೂ ಆಟ ಬಿಗಿಯಾಗುತ್ತಾ ಹೋಗಬೇಕು ಎಂಬ ಪಾಠ ಆಟ ಕಟ್ಟುವವರಿಗೆ ಹೀಗೆ ಒಂದು ಬಡಪಾಯಿ ಪ್ರೊಸೆಸರಿನಿಂದ ಸಿಕ್ಕಿತು.

ಅದೇ ಪರದೆಯ ಮೇಲ್ತುದಿಯಲ್ಲಿ ಇನ್ನೊಂದು ವಸ್ತುವೂ ಇತ್ತು: ಅಲ್ಲಿಯವರೆಗೆ ಬಂದ ಅತಿ ಹೆಚ್ಚಿನ ಅಂಕ. ಮರುವರ್ಷ, 1979ರಲ್ಲಿ ಬಂದ ಆಸ್ಟರಾಯ್ಡ್ಸ್ ಆಟದಲ್ಲಿ ಗೆದ್ದವರು ಆ ಅಂಕದ ಪಕ್ಕ ತಮ್ಮ ಹೆಸರಿನ ಮೂರು ಅಕ್ಷರ ಬರೆದು ಹೋಗಬಹುದಿತ್ತು.

ಮೆಲ್ಲಗೆ ಬಿಗಿಯಾಗುತ್ತಾ ಹೋಗುವ ಆಟ, ಪರದೆಯ ಮೇಲಿನ ಅಂಕ, ಈ ಎರಡರಲ್ಲಿ ಯಾವುದು ಆಟದ ಪರದೆ ದಾಟಿ ನಮ್ಮ ಬದುಕಿನೊಳಕ್ಕೆ ಬಂತು ನೋಡಿ. ನಡಿಗೆ ಎಣಿಸುವ ಆ್ಯಪ್ ಬ್ಯಾಡ್ಜ್ ಕೊಡುತ್ತದೆ. ಭಾಷೆ ಕಲಿಸುವ ಆ್ಯಪ್ ‘ನಿಮ್ಮ ಸರಣಿ 48 ದಿನ’ ಎನ್ನುತ್ತದೆ. ಕಚೇರಿಯ ಗೋಡೆಯ ಮೇಲೆ ಈ ವಾರ ಹೆಚ್ಚು ಮಾರಿದವರ ಹೆಸರು ಮಿಂಚುತ್ತದೆ. ಸಮಾಜ ಎತ್ತಿಕೊಂಡಿದ್ದು ಅಂಕವನ್ನು. ಕೈ ಹಿಡಿದು ಮೇಲಕ್ಕೆ ಹತ್ತಿಸುವ ಕಸುಬು ಬಹುಪಾಲು ಆಟದೊಳಗೇ ಉಳಿದುಬಿಟ್ಟಿತು. ಇವತ್ತಿನ ಮಾತು ಅದರ ಬಗ್ಗೆ.

ಗೇಮ್‌ಗಳಿಂದ ಹೊರಬಂದದ್ದು ಅಂಕವೊಂದೇ ಅಲ್ಲ ಎಂಬುದನ್ನೂ ಹೇಳಿಬಿಡಬೇಕು. ಆಟದ ಚಿತ್ರಗಳನ್ನು ಬೇಗ ಮೂಡಿಸಲೆಂದು ಬೆಳೆದ ಗ್ರಾಫಿಕ್ಸ್ ಕಾರ್ಡು ಸಾವಿರಾರು ಸಣ್ಣ ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡುತ್ತದೆ. ಕೃತಕ ಬುದ್ಧಿಮತ್ತೆಗೂ ಬೇಕಾಗಿದ್ದದ್ದು ಅದೇ. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿದ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಅಲೆಕ್ಸ್‌ನೆಟ್‌ಗೆ ತರಬೇತಿ ನಡೆದದ್ದು ತಲಾ 3 ಗಿಗಾಬೈಟ್ ಮೆಮೊರಿಯ ಎರಡು ಗೇಮಿಂಗ್ ಕಾರ್ಡುಗಳ ಮೇಲೆ.

ಈಗ ಆಟದ ಕಸುಬಿಗೆ ಬರೋಣ. ಚೆನ್ನಾಗಿ ಕಟ್ಟಿದ ಆಟ ಏನು ಮಾಡುತ್ತದೆ?

ಮೊದಲನೆಯದು, ಉತ್ತರ ಕೂಡಲೇ ಸಿಗುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದೊಂದು ಚಿತ್ರ ನಿಲ್ಲುವುದು ಸುಮಾರು 17 ಮಿಲಿಸೆಕೆಂಡು. ಗುಂಡಿ ಒತ್ತಿದೆವೋ, ಕಣ್ಣೆದುರಿಗೆ ಫಲ. ಎರಡನೆಯದು, ಬಿದ್ದರೆ ನಷ್ಟ ಕಡಿಮೆ. ಹಳ್ಳಕ್ಕೆ ಬಿದ್ದ ಪಾತ್ರ ಎರಡು ಮೂರು ಸೆಕೆಂಡಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಎದ್ದು ನಿಂತಿರುತ್ತದೆ. ಒಂದೇ ತಿರುವಿನಲ್ಲಿ ಮೂವತ್ತು ಸಲ ಸೋತರೂ ಯಾರೂ ಬಯ್ಯುವುದಿಲ್ಲ, ಯಾವ ದಾಖಲೆಯಲ್ಲೂ ಅದು ಉಳಿಯುವುದಿಲ್ಲ. ಮೂರನೆಯದು ಬಹಳ ನಾಜೂಕಿನ ಕೆಲಸ: ಮಾತಿಲ್ಲದೆ ಕಲಿಸುವುದು. ಹೊಸ ಅಪಾಯವೊಂದನ್ನು ಮೊದಲು ಬಿದ್ದರೂ ಪೆಟ್ಟಾಗದ ಜಾಗದಲ್ಲಿ ಇಡುತ್ತಾರೆ. ಆಮೇಲೆ ಅದನ್ನೇ ಸಣ್ಣ ಹಳ್ಳದ ಮೇಲೆ ತೂಗಿಬಿಡುತ್ತಾರೆ. ಆಮೇಲೆ ಹಿಂದೆ ಕಲಿತ ಇನ್ನೊಂದು ಅಪಾಯದ ಜತೆ ಕೂಡಿಸುತ್ತಾರೆ. ಕೊನೆಗೆ ಎಲ್ಲವನ್ನೂ ಸೇರಿಸಿ ಪರೀಕ್ಷೆ. ಆಡಿದವರಿಗೆ ತಾನು ಪಾಠ ಕೇಳಿದೆ ಎಂದು ಅನಿಸುವುದೇ ಇಲ್ಲ.

ಅಂಕ ಈ ಮೂರರ ಮೇಲೆ ಕೂತ ಕಿರೀಟ. ಕೆಳಗಿನ ತಲೆಯನ್ನು ಬಿಟ್ಟು ಕಿರೀಟವನ್ನು ಮಾತ್ರ ಒಯ್ದರೆ ಏನಾಗುತ್ತದೆ?

ಆಟದ ಅಂಶಗಳನ್ನು ಬೇರೆ ಕೆಲಸಗಳಿಗೆ ಹಚ್ಚುವುದಕ್ಕೆ ಗೇಮಿಫಿಕೇಶನ್ ಎಂಬ ಹೆಸರಿದೆ. ಅಲ್ಲಿ ಪದೇ ಪದೇ ಕೆಡುವ ಜಾಗಗಳು ಕೆಲವಿವೆ. ಎಲ್ಲಕ್ಕಿಂತ ಹೆಚ್ಚು ಕೆಡುವುದು ಎಲ್ಲರಿಗೂ ಕಾಣುವ ಅಂಕಪಟ್ಟಿ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದರಿಂದ ನಲವತ್ತರವರೆಗೆ ಪಟ್ಟಿ ಹಾಕಿದರೆ ಮೊದಲ ನಾಲ್ಕೈದು ಮಕ್ಕಳಿಗೆ ಹುರುಪು ಬರುತ್ತದೆ. ಮೂವತ್ತೊಂದನೆಯ ಮಗುವಿಗೆ ಮೊದಲ ಸ್ಥಾನ ಕೈಗೆಟುಕದ ಮಾತು. ಎರಡು ವಾರದಲ್ಲಿ ಅದು ಪಟ್ಟಿಯನ್ನು ನೋಡುವುದನ್ನೇ ಬಿಡುತ್ತದೆ. ಆಟ ಕಟ್ಟುವ ಅನುಭವವುಳ್ಳ ಕಂಪನಿಗಳು ಇದನ್ನೇ ನೆಚ್ಚಿಕೊಳ್ಳುವುದಿಲ್ಲ. ಸರಿಸಮಾನರನ್ನು ಎದುರುಬದುರು ಕೂರಿಸಲು ಅವು ರೇಟಿಂಗ್ ಲೆಕ್ಕ ಇಡುತ್ತವೆ. ಅರ್ಪಾಡ್ ಎಲೊ ಎಂಬ ಭೌತವಿಜ್ಞಾನಿ ಚದುರಂಗಕ್ಕೆಂದು ರೂಪಿಸಿದ ಲೆಕ್ಕವೇ ಅದರ ಬೇರು. ನಿಮಗಿಂತ ಬಲಶಾಲಿಯನ್ನು ಗೆದ್ದರೆ ಹೆಚ್ಚು ಏರುತ್ತೀರಿ, ದುರ್ಬಲರನ್ನು ಗೆದ್ದರೆ ತುಸುವೇ ಏರುತ್ತೀರಿ. ಇಬ್ಬರೂ ಸಮಬಲರಾದರೆ ಗೆಲುವಿನ ಸಾಧ್ಯತೆ ಅರ್ಧಕ್ಕರ್ಧ. ತರಗತಿಯಲ್ಲಿ ಇಷ್ಟೆಲ್ಲ ಲೆಕ್ಕ ಬೇಕಿಲ್ಲ. ಪ್ರತಿಯೊಬ್ಬರಿಗೂ ಅವರ ಕಳೆದ ವಾರದ ಅಂಕವನ್ನು ಮಾತ್ರ, ಅವರಿಗೆ ಮಾತ್ರ ತೋರಿಸಿದರೆ ಸಾಕು.

ದಿನಗಳ ಸರಣಿಯದು ಇನ್ನೊಂದು ಬಗೆಯ ತೊಡಕು. ಇನ್ನೂರು ದಿನ ತಪ್ಪದೆ ಕಲಿತವರು ಒಂದು ದಿನ ಜ್ವರ ಬಂದು ಮಲಗಿದರೆ ಎಣಿಕೆ ಸೊನ್ನೆಗೆ ಬೀಳುತ್ತದೆ. ಕಲಿತದ್ದೇನೂ ಕಳೆದಿರುವುದಿಲ್ಲ. ಆದರೂ ಎಲ್ಲವೂ ಹೋಯಿತು ಎಂದು ಬೇಸತ್ತು ಅವರು ಕಲಿಕೆಯನ್ನೇ ಕೈಬಿಡಬಹುದು. ವಾರಕ್ಕೆ ಐದು ದಿನ ಎಂಬ ಗುರಿ ಇಟ್ಟರೆ ಈ ಮುರಿತ ತಪ್ಪುತ್ತದೆ.

ಬಹುಮಾನದ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಪ್ರಾಣ ಎನ್ನುವ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನ ಬಿಟ್ಟು ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದಾಗ, ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಬಿಡಿಸಿದರು. ಮೊದಲೇ ಇಷ್ಟವಿದ್ದ ಕೆಲಸದ ಮುಂದೆ ಆಮಿಷ ತೂಗಿಬಿಟ್ಟರೆ ಇಷ್ಟವೇ ಸವೆಯುತ್ತದೆ. ಹಾಗಾಗಿ ಓದುವ ಮಗುವಿಗೆ ಪುಟಕ್ಕಿಷ್ಟು ಪಾಯಿಂಟ್ ಎಂದು ಮೊದಲೇ ಹೇಳಬೇಡಿ. ಓದಿ ಮುಗಿಸಿದ ಮೇಲೆ ಅನಿರೀಕ್ಷಿತವಾಗಿ ಮೆಚ್ಚಿಕೊಳ್ಳಿ. ಯಾರಿಗೂ ಇಷ್ಟವಿಲ್ಲದ, ಆದರೆ ಆಗಲೇಬೇಕಾದ ಕೆಲಸಗಳಿಗೆ ಪಾಯಿಂಟ್ ಇಟ್ಟರೆ ಇಷ್ಟು ಹಾನಿಯಿಲ್ಲ.

ಕಚೇರಿಗಳಲ್ಲಿ ಅಂಕವೇ ಕೆಲಸವನ್ನು ತಿಂದುಹಾಕುತ್ತದೆ. ಗ್ರಾಹಕರ ಫೋನ್ ಕರೆ ಎಷ್ಟು ಬೇಗ ಮುಗಿಯಿತು ಎಂಬುದಕ್ಕೆ ಪಾಯಿಂಟ್ ಇಟ್ಟರೆ ಕರೆಗಳು ಬೇಗ ಮುಗಿಯುತ್ತವೆ, ತೊಂದರೆಗಳು ಮುಗಿಯುವುದಿಲ್ಲ. ಅದೇ ಮನುಷ್ಯ ಅದೇ ದೂರಿಗೆ ಮೂರು ಸಲ ಫೋನ್ ಮಾಡುತ್ತಾನೆ.

ಹಾಗಾದರೆ ಅಂಕವನ್ನು ಆಟದ ಹೊರಗೆ ತರಲೇಬಾರದೆ? ತರಬಹುದು, ಅಂಕವೂ ಕೆಲಸವೂ ಒಂದೇ ಆಗಿರಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ಫೋಲ್ಡಿಟ್ ಇದಕ್ಕೆ ಉದಾಹರಣೆ. ಪರದೆಯ ಮೇಲೆ ಒಂದು ಪ್ರೋಟೀನಿನ ಸರಪಳಿ ಇರುತ್ತದೆ. ಆಡುವವರು ಅದನ್ನು ಎಳೆದು, ತಿರುಚಿ, ಅಲುಗಿಸಿ ಮಡಚುತ್ತಾರೆ. ಮಡಿಕೆ ಕಡಿಮೆ ಶಕ್ತಿಯಲ್ಲಿ ನೆಮ್ಮದಿಯಾಗಿ ಕೂತಷ್ಟೂ ಅಂಕ ಏರುತ್ತದೆ. ಅಂದರೆ ಇಲ್ಲಿ ಅಂಕ ಎಂಬುದು ವಿಜ್ಞಾನದ ಅಳತೆಯೇ. ಅದನ್ನು ಏರಿಸಲು ಅಡ್ಡದಾರಿ ಹಿಡಿಯುವುದು ಸುಲಭವಲ್ಲ. ಮಂಗಗಳಲ್ಲಿ ಏಡ್ಸ್‌ನಂಥ ರೋಗ ತರುವ ವೈರಸ್ಸಿನ ಒಂದು ಕಿಣ್ವದ ಆಕಾರ ಹತ್ತಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳ ಕೈಗೆ ಸಿಕ್ಕಿರಲಿಲ್ಲ. ಫೋಲ್ಡಿಟ್ ಆಟಗಾರರು ಮೂರು ವಾರದೊಳಗೆ ಸಾಕಷ್ಟು ನಿಖರವಾದ ಮಾದರಿ ಕಟ್ಟಿಕೊಟ್ಟರು. 2011ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿದ್ದರೆ ನಷ್ಟವಿಲ್ಲ, ಉತ್ತರ ಕೂಡಲೇ ಸಿಗುತ್ತದೆ, ಮೊದಲ ಒಗಟುಗಳು ಸಣ್ಣವು: ಆಗಲೇ ಹೇಳಿದ ಮೂರು ಗುಣವೂ ಅದರಲ್ಲಿವೆ.

ಇನ್ನು ಹಣದ ಮಾತು. ಇಲ್ಲಿ ಪ್ರಭಾವ ತಿರುಗುಮುರುಗಾಗಿ ಹರಿಯಿತು. ಜೂಜುಕಟ್ಟೆಯ ವಿದ್ಯೆ ಆಟಗಳ ಒಳಗೆ ಬಂತು. ಲೂಟ್ ಬಾಕ್ಸ್ ಎಂದರೆ ಒಳಗೇನಿದೆ ಎಂದು ಗೊತ್ತಿಲ್ಲದೆ ಕೊಳ್ಳುವ ಪೆಟ್ಟಿಗೆ. ಅಪರೂಪದ ವಸ್ತು ಸಿಗುವ ಸಾಧ್ಯತೆ ನೂರಕ್ಕೆ ಒಂದು ಎಂದುಕೊಳ್ಳಿ. ನೂರು ಪೆಟ್ಟಿಗೆ ತೆರೆದರೆ ಸಿಕ್ಕೇ ಸಿಗುತ್ತದೆ ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಬೇರೆಯೇ ಇದೆ. ನೂರು ಜನ ತಲಾ ನೂರು ಪೆಟ್ಟಿಗೆ ತೆರೆದರೂ ಸುಮಾರು 37 ಜನ ಬರಿಗೈಯಲ್ಲಿ ಏಳುತ್ತಾರೆ. ನೂರರಲ್ಲಿ 95 ಜನರಿಗಾದರೂ ಸಿಗಬೇಕಾದರೆ ಒಬ್ಬೊಬ್ಬರೂ ಸುಮಾರು 300 ತೆರೆಯಬೇಕು. ಆರು ಬಗೆಯ ಗೊಂಬೆ ಕೂಡಿಸಿದರೆ ದೊಡ್ಡ ಬಹುಮಾನ ಎನ್ನುವ ಉಪಾಯ ಇನ್ನೂ ಬಿಗಿ. ಆರೂ ಸಮ ಸಾಧ್ಯತೆಯವೇ ಆದರೂ ಎಲ್ಲ ಸೇರಲು ಸರಾಸರಿ 15 ಸಲ ಎತ್ತಬೇಕು, ಅದರಲ್ಲಿ ಕೊನೆಯ ಒಂದಕ್ಕೇ ಸರಾಸರಿ ಆರು ಸಲ. ಐದು ಕೈಯಲ್ಲಿರುವಾಗ ಬಿಟ್ಟೇಳಲು ಯಾರಿಗೆ ಮನಸ್ಸು ಬರುತ್ತದೆ? ಜಪಾನ್ 2012ರಲ್ಲೇ ಈ ಪದ್ಧತಿಗೆ ತಡೆ ಹಾಕಿತು. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ಕೊಳ್ಳುವ ಲೂಟ್ ಬಾಕ್ಸುಗಳನ್ನು ಜೂಜಿನ ಕಾನೂನಿನಡಿ ತಂದಿತು.

ಆಟದೊಳಗಿನ ನಾಣ್ಯವನ್ನೂ ಗಮನಿಸಿ. ಕತ್ತಿಗೆ 600 ರತ್ನ, ಮಾರುವ ಪೊಟ್ಟಣದಲ್ಲಿ 500 ರತ್ನ ಇದ್ದರೆ ಎರಡು ಪೊಟ್ಟಣ ಕೊಳ್ಳಬೇಕು. ಉಳಿದ 400 ರತ್ನ ಇನ್ನೊಂದು ಖರೀದಿಗೆ ಕೈಬೀಸಿ ಕರೆಯುತ್ತಿರುತ್ತದೆ. ಮಕ್ಕಳ ಕೈಗೆ ಫೋನ್ ಕೊಡುವ ಮನೆಗಳಲ್ಲಿ ಮಾಡಬೇಕಾದ್ದು: ಆ್ಯಪ್ ಅಂಗಡಿಯ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ, ಉಳಿಸಿಟ್ಟ ಕಾರ್ಡಿನ ವಿವರ ತೆಗೆಯಿರಿ, ಆ ಪಾಸ್‌ವರ್ಡ್ ಫೋನ್ ತೆರೆಯುವ ಅಂಕಿಗಿಂತ ಬೇರೆಯಾಗಿರಲಿ. ಎರಡೂ ಒಂದೇ ಆದಾಗಲೇ ಬೀಗ ಸೋಲುವುದು.

ಚಟದ ಬಗ್ಗೆ ಒಂದೆರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದ್ದು 2019ರಲ್ಲಿ, ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಈ ಮೂರೂ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದು ಬದುಕನ್ನು ಹದಗೆಡಿಸಿರಬೇಕು. ರಜೆಯಲ್ಲಿ ನಾಲ್ಕು ದಿನ ಹೊತ್ತು ಮೀರಿ ಆಡಿದ ಮಗುವಿಗೆ ಈ ಹೆಸರು ಅಂಟಿಸುವುದು ಅನ್ಯಾಯ.

ಮನೆಮನೆಯಲ್ಲಿ ನಡೆಯುವ ಜಗಳಕ್ಕೆ ಹಲವು ಸಲ ಕಾರಣ ಬಹಳ ಚಿಕ್ಕದು. ಒಬ್ಬರೇ ಆಡುವ ಆಟವನ್ನು ತಡೆದು ನಿಲ್ಲಿಸಬಹುದು. ಬೇರೆಯವರ ಜತೆ ಆನ್‌ಲೈನಿನಲ್ಲಿ ಆಡುವ ಪಂದ್ಯಕ್ಕೆ ಸಾಮಾನ್ಯವಾಗಿ ಆ ಸೌಲಭ್ಯ ಇರುವುದಿಲ್ಲ. ಐದು ಜನರ ತಂಡದಲ್ಲಿ ಒಬ್ಬರು ಎದ್ದು ಹೋದರೆ ಉಳಿದ ನಾಲ್ವರು ಸೋಲುವುದೇ ಹೆಚ್ಚು. ಎದ್ದವರ ರೇಟಿಂಗ್ ಇಳಿಯಬಹುದು, ಸ್ವಲ್ಪ ಹೊತ್ತು ಮತ್ತೆ ಆಡದಂತೆ ತಡೆಯೂ ಬೀಳಬಹುದು. ಕ್ಯಾರಂ ಆಡುವಾಗ ಒಬ್ಬರು ನಡುವೆ ಎದ್ದರೆ ಉಳಿದವರಿಗೆ ಹೇಗಾಗುತ್ತದೋ ಹಾಗೇ. ಆದ್ದರಿಂದ ‘ಎಂಟಕ್ಕೆ ನಿಲ್ಲಿಸು’ ಎನ್ನುವುದಕ್ಕಿಂತ ‘ಒಂದು ಪಂದ್ಯ ಎಷ್ಟು ಹೊತ್ತು?’ ಎಂದು ಮೊದಲು ಕೇಳಿ. ಅರ್ಧ ಗಂಟೆ ಎಂದರೆ, ಏಳೂವರೆ ದಾಟಿದ ಮೇಲೆ ಹೊಸ ಪಂದ್ಯ ಶುರು ಮಾಡುವಂತಿಲ್ಲ ಎಂಬ ಕರಾರು ಮಾಡಿಕೊಳ್ಳಿ. ನಿಲ್ಲಿಸುವ ಹೊತ್ತಿನ ಬದಲು ಶುರು ಮಾಡುವ ಹೊತ್ತಿಗೆ ಗಡಿ ಹಾಕಿದರೆ ಮಗುವಿಗೆ ತಂಡವನ್ನು ಕೈಬಿಟ್ಟ ಅವಮಾನವೂ ಆಗುವುದಿಲ್ಲ, ಊಟವೂ ತಣ್ಣಗಾಗುವುದಿಲ್ಲ.

ನಮಸ್ಕಾರ.